ಮಕ್ಕಳನ್ನು ಆಡಿಸಲು ಬಾರದವಳು ಮಕ್ಕಳ ಡಾಕ್ಟರ್ ಆಗಬಹುದಾ? ಒಂದು ಪ್ರಕರಣ

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮಕ್ಕಳ ವಾರ್ಡಿಗೆ ಒಬ್ಬಳು ಇಂಟರ್ನ್ ಬಂದಳು. ಮೊದಲ ದಿನ ರೌಂಡ್ಸ್ ಮುಗಿದು ಎಲ್ಲರೂ ಹೋದ ಮೇಲೂ ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. "ಮೇಡಂ, ಒಂದು ಕೇಳ್ಲಾ? ನನಗೆ ಮಕ್ಕಳನ್ನ ಆಡಿಸೋಕೆ ಬರಲ್ಲ. ನಾನು ಎತ್ಕೊಂಡ್ರೆ ಅಳ್ತವೆ. ಆದ್ರೂ ಪೀಡಿಯಾಟ್ರಿಕ್ಸ್ ತಗೊಳ್ಳೋಣ ಅನ್ನಿಸ್ತಿದೆ. ತಪ್ಪಾಗುತ್ತಾ?" ಅಂದಳು.

ಅವತ್ತು ನಾನು ಕೊಟ್ಟ ಉತ್ತರ ಸರಿ ಇರಲಿಲ್ಲ. "ಮಕ್ಕಳ ಜೊತೆ ಬೆರೆಯೋದು ಕಷ್ಟ ಅಂದ್ರೆ ಇನ್ನೊಂದ್ಸಲ ಯೋಚನೆ ಮಾಡಮ್ಮ" ಅಂದುಬಿಟ್ಟೆ. ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದ್ದೆ. ಮಕ್ಕಳ ಡಾಕ್ಟರ್ ಅಂದರೆ ನಗುನಗುತ್ತಾ ಇರಬೇಕು, ಗಿಲಕಿ ಹಿಡಿದು ಕುಣಿಸಬೇಕು, ಮಗು ನೋಡಿದ ಕೂಡಲೇ ತೊಡೆ ಏರಬೇಕು ಅನ್ನುವ ಚಿತ್ರ ಎಲ್ಲರ ತಲೆಯಲ್ಲೂ ಇದೆ. ಇಷ್ಟು ವರ್ಷ ಈ ಕೆಲಸ ಮಾಡಿದ ನನ್ನ ತಲೆಯಲ್ಲೂ ಇತ್ತು. ಮುಂದಿನ ನಾಲ್ಕು ವಾರದಲ್ಲಿ ಆ ಚಿತ್ರ ಅಳಿಸಿಹೋಯಿತು. ಹೇಗೆ ಅಂತ ಪೂರ್ತಿ ಬರೆಯುತ್ತೇನೆ, ಯಾಕಂದರೆ ಇದೇ ಗೊಂದಲದಲ್ಲಿ ಇರುವ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮಕ್ಕಳ ವಿವರ ಅಲ್ಲಲ್ಲಿ ಬದಲಿಸಿದ್ದೇನೆ.

ಅವಳ ಮುಂದಿದ್ದ ದಾರಿಗಳು

ಓದಿನಲ್ಲಿ ಜಾಣೆ. ರೇಡಿಯಾಲಜಿ, ಅಂದರೆ ಎಕ್ಸ್‌ರೇ ಸ್ಕ್ಯಾನ್ ನೋಡಿ ರೋಗ ಹೇಳುವ ವಿಭಾಗ, ಸಿಗುವಷ್ಟು ಅಂಕ ಬರುತ್ತವೆ ಅಂತ ಎಲ್ಲರಿಗೂ ಗೊತ್ತಿತ್ತು. ಮನೆಯವರ ಆಸೆಯೂ ಅದೇ. ಅವರ ವಾದದಲ್ಲಿ ಹುರುಳಿತ್ತು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ರಾತ್ರಿ ಡ್ಯೂಟಿ ಕಡಿಮೆ, ಸಂಪಾದನೆ ಜಾಸ್ತಿ, ಗಾಬರಿಯಾದ ತಂದೆ ತಾಯಿ ನಡುರಾತ್ರಿ ಫೋನ್ ಮಾಡುವುದಿಲ್ಲ. ಮಕ್ಕಳ ವಿಭಾಗದಲ್ಲಿ ಸಂಪಾದನೆ ಕಡಿಮೆ ಅನ್ನುವುದು ಹಲವು ದೇಶಗಳಲ್ಲಿ ನಿಜ. ಅದಕ್ಕೆ ಕಾರಣವೂ ಸರಳ. ವೈದ್ಯಕೀಯದಲ್ಲಿ ಹಣ ಹೆಚ್ಚಾಗಿ ಬರುವುದು ಶಸ್ತ್ರಚಿಕಿತ್ಸೆ, ಸ್ಕ್ಯಾನ್, ಉಪಕರಣ ಹಾಕಿ ಮಾಡುವ ಕೆಲಸಗಳಿಂದ. ಮಕ್ಕಳ ಡಾಕ್ಟರ ದಿನದ ಬಹುಪಾಲು ಹೋಗುವುದು ಮುಟ್ಟಿ ನೋಡುವುದರಲ್ಲಿ, ಮಾತಾಡುವುದರಲ್ಲಿ, ಕಾಯುವುದರಲ್ಲಿ. ಇವಕ್ಕೆ ಯಾರೂ ಜಾಸ್ತಿ ಕೊಡುವುದಿಲ್ಲ. ಇದನ್ನು ನಾನು ಅವಳಿಂದ ಮುಚ್ಚಿಡಲಿಲ್ಲ. ಸಾಲ ಮಾಡಿ ಓದಿದವರು, ಮನೆ ನಡೆಸಬೇಕಾದವರು ಈ ಲೆಕ್ಕ ಹಾಕಿದರೆ ಅದು ದುರಾಸೆ ಅಲ್ಲ.

ವರ್ಷಗಳ ಲೆಕ್ಕವೂ ಇದೆ. ಪದವಿ ಮುಗಿದ ಮೇಲೆ ಮಕ್ಕಳ ತಜ್ಞರಾಗಲು ಕೆಲವು ದೇಶಗಳಲ್ಲಿ 3 ವರ್ಷ, ಕೆಲವು ಕಡೆ 7–8 ವರ್ಷದ ತರಬೇತಿ. ನವಜಾತ ಶಿಶು, ಮಕ್ಕಳ ಹೃದಯ, ಮಕ್ಕಳ ಕ್ಯಾನ್ಸರ್, ನರರೋಗ ಅಂತ ಇನ್ನೂ ಒಳಕ್ಕೆ ಹೋಗುವುದಾದರೆ ಹೆಚ್ಚಿನ ಕಡೆ ಮತ್ತೆ ಎರಡು ಮೂರು ವರ್ಷ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಈ ಕಡೆ ಮನಸ್ಸು ಅಂತ ಕೇಳಿದೆ. ಅವಳಿಗೆ ಸರಿಯಾಗಿ ಹೇಳಲು ಆಗಲಿಲ್ಲ. "ಇಲ್ಲಿ ಗಮನ ಬೇರೆ ಕಡೆ ಹೋಗಲ್ಲ ಮೇಡಂ" ಅಂದಳು, ಅಷ್ಟೇ. ಆಗ ಒಂದು ಕೆಲಸ ಕೊಟ್ಟೆ. ನಾಲ್ಕು ವಾರ ಇಲ್ಲಿ ಇರುತ್ತೀಯಲ್ಲ, ದಿನಕ್ಕೆ ಎರಡೇ ಸಾಲು ಬರೆ. ಇವತ್ತು ಗಡಿಯಾರ ನೋಡದೆ ಕಳೆದ ಹೊತ್ತು ಯಾವುದು? ಬಿಟ್ಟು ಓಡಿಹೋಗೋಣ ಅನ್ನಿಸಿದ ಹೊತ್ತು ಯಾವುದು? ಕೊನೆಯಲ್ಲಿ ಇಬ್ಬರೂ ಕೂತು ಓದೋಣ.

ಮೊದಲ ವಾರ: ಒಂದು ನಿಮಿಷದ ಎಣಿಕೆ

ಮೊದಲ ವಾರ ನೋಡಿದವರಿಗೆ ಇವಳು ಈ ಕೆಲಸಕ್ಕೆ ಒಗ್ಗುವುದಿಲ್ಲ ಅನ್ನಿಸುತ್ತಿತ್ತು. ಎರಡು ವರ್ಷದ ಮಗುವಿನ ಹತ್ತಿರ ಹೋದ ಕೂಡಲೇ ಗಂಟಲು ನೋಡಲು ಬಾಯಿ ತೆರೆಸುತ್ತಿದ್ದಳು. ಮಗು ರಚ್ಚೆ ಹಿಡಿಯುತ್ತಿತ್ತು, ಆಮೇಲೆ ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಅಳು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಇದು ಸ್ವಭಾವದ ಕೊರತೆ ಅಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ದೊಡ್ಡವರನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ನೋಡಬಹುದು. ಮಗುವನ್ನು ಅದು ಬಿಟ್ಟುಕೊಟ್ಟಷ್ಟು ನೋಡಬೇಕು. ಮೊದಲು ದೂರದಿಂದ, ಮುಟ್ಟದೆ: ಮೈಬಣ್ಣ ಹೇಗಿದೆ, ಉಸಿರು ಹೇಗಿದೆ, ಅಮ್ಮನ ಮುಖ ನೋಡುತ್ತಿದೆಯಾ, ಕೈ ಚಾಚುತ್ತಿದೆಯಾ. ಆಮೇಲೆ ಅಮ್ಮನ ತೊಡೆ ಮೇಲೆ ಇರುವಾಗಲೇ, ಸುಮ್ಮನಿರುವಾಗಲೇ, ಹೃದಯ ಮತ್ತು ಶ್ವಾಸಕೋಶ. ಕಿವಿ, ಗಂಟಲು ಕಟ್ಟಕಡೆಗೆ. ಇದನ್ನು ಒಂದು ಸಲ ಹೇಳಿಕೊಟ್ಟೆ. ಮೂರು ದಿನದಲ್ಲಿ ಅವಳು ನೋಡುವ ಮಕ್ಕಳ ಅಳು ಅರ್ಧ ಕಡಿಮೆಯಾಯಿತು.

ಸೂಜಿ ಹಾಕುವುದೂ ಹಾಗೇ. ಪುಟ್ಟ ಕೈಯಲ್ಲಿ ರಕ್ತನಾಳ ಸಿಗದೆ ಕಂಗಾಲಾದಳು. ಎರಡು ಸಲ ಪ್ರಯತ್ನ ಮಾಡು, ಆಗದಿದ್ದರೆ ಬೇರೆಯವರನ್ನು ಕರೆ ಅನ್ನುವುದು ನಮ್ಮ ವಾರ್ಡಿನ ನಿಯಮ. ಕರೆಯುವುದಕ್ಕೆ ಅವಳು ನಾಚಲಿಲ್ಲ. ಇದನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ರಕ್ತ ತೆಗೆಯುವಾಗ ಒಂದು ಹನಿಯೂ ಜಾಸ್ತಿ ಬೇಡ ಅಂತ ಯಾಕೆ ಹೇಳುತ್ತೇವೆ ಅನ್ನುವುದನ್ನೂ ಅವಳೇ ಲೆಕ್ಕ ಹಾಕಿ ನೋಡಿದಳು. ಹಸುಗೂಸಿನ ಮೈಯಲ್ಲಿ ಕೆಜಿಗೆ ಸುಮಾರು 80 ಮಿಲಿ ಲೀಟರ್ ರಕ್ತ ಇರುತ್ತದೆ, ಅಂದರೆ 3 ಕೆಜಿಯ ಕೂಸಿಗೆ ಒಟ್ಟು 240. ಒಂದು ಲೋಟ. "ಇಷ್ಟೇನಾ!" ಅಂತ ಬೆರಗಾಗಿ ನನ್ನ ಮುಖ ನೋಡಿದಳು.

ಐದನೇ ದಿನ ಒಂದು ಐದು ತಿಂಗಳ ಮಗು ಬಂತು. ಎರಡು ದಿನದಿಂದ ನೆಗಡಿ, ಸ್ವಲ್ಪ ಕೆಮ್ಮು, ಜ್ವರ ಹೆಚ್ಚೇನೂ ಇಲ್ಲ. ಆವತ್ತು ಜನ ಕಿಕ್ಕಿರಿದಿದ್ದರು. ಮಗು ನಿದ್ದೆಯಲ್ಲಿತ್ತು, ನೋಡಲು ಲಕ್ಷಣವಾಗಿಯೇ ಇತ್ತು. ಅದಾಗಲೇ ಒಬ್ಬರು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ, ಉಸಿರು ನಿಮಿಷಕ್ಕೆ 44 ಅಂತ ಬರೆದಿದ್ದರು. ಇವಳು ಅಂಗಿ ಮೇಲೆತ್ತಿ, ಕೈಯಲ್ಲಿ ವಾಚ್ ಹಿಡಿದು, ಇಡೀ 60 ಸೆಕೆಂಡ್ ಎಣಿಸಿದಳು. 64. ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದಳು. 62.

ಕೂಸುಗಳು ಒಂದೇ ಸಮನೆ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತು ಬೇಗ, ಸ್ವಲ್ಪ ಹೊತ್ತು ನಿಧಾನ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಪೂರ್ತಿ ಒಂದು ನಿಮಿಷ ಎಣಿಸಿ ಅನ್ನುತ್ತದೆ. ಅದರ ಗೆರೆಗಳೂ ಸ್ಪಷ್ಟ: ಎರಡು ತಿಂಗಳೊಳಗಿನ ಕೂಸಿಗೆ 60 ಮತ್ತು ಮೇಲೆ, 2ರಿಂದ 11 ತಿಂಗಳವರೆಗೆ 50 ಮತ್ತು ಮೇಲೆ, 1ರಿಂದ 5 ವರ್ಷದವರೆಗೆ 40 ಮತ್ತು ಮೇಲೆ ಇದ್ದರೆ ಉಸಿರು ವೇಗವಾಗಿದೆ ಅಂತ ಲೆಕ್ಕ. ರಕ್ತದ ಆಮ್ಲಜನಕ ನೋಡಿದಾಗ ಶೇಕಡಾ 89 ಇತ್ತು, ಇರಬೇಕಾದ್ದಕ್ಕಿಂತ ಕಡಿಮೆ. ಎದೆಗೂಡಿನ ಕೆಳಭಾಗ ಉಸಿರಿಗೊಮ್ಮೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಅಂಗಿ ಮುಚ್ಚಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ಗಾಳಿನಾಳಗಳು ಊದಿಕೊಳ್ಳುವ ಸೋಂಕು. ದಾಖಲು ಮಾಡಿಕೊಂಡೆವು.

ಆ ರಾತ್ರಿ ಅವಳ ಪುಸ್ತಕದಲ್ಲಿದ್ದ ಸಾಲು ಇದು: "ಗಡಿಯಾರ ನೋಡದ ಹೊತ್ತು: ಗಡಿಯಾರ ನೋಡುತ್ತಾ ಎಣಿಸಿದ ಆ ಎರಡು ನಿಮಿಷ."

ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು 1990ರಲ್ಲಿ 1 ಕೋಟಿ 20 ಲಕ್ಷಕ್ಕೂ ಜಾಸ್ತಿ ಇತ್ತು. 2022ರ ಹೊತ್ತಿಗೆ ಅದು ಸುಮಾರು 49 ಲಕ್ಷಕ್ಕೆ ಇಳಿಯಿತು. ಲಸಿಕೆ, ಉಪ್ಪು ಸಕ್ಕರೆ ನೀರು, ಸುರಕ್ಷಿತ ಹೆರಿಗೆ, ಹೀಗೆ ಇಳಿಸಿದ್ದು ಹತ್ತಾರು ಕೆಲಸ. ಆದರೆ ನ್ಯುಮೋನಿಯಾ ಇನ್ನೂ ಮಕ್ಕಳನ್ನು ಕೊಲ್ಲುವ ದೊಡ್ಡ ಕಾರಣಗಳಲ್ಲಿ ಒಂದಾಗಿಯೇ ಉಳಿದಿದೆ, ಅದನ್ನು ಮೊದಲು ಹಿಡಿಯುವುದು ಒಂದು ವಾಚ್ ಮತ್ತು ಒಂದು ನಿಮಿಷದ ತಾಳ್ಮೆ. ಮಗುವನ್ನು ನಗಿಸಲು ಬರುವವರೆಲ್ಲ ಆ ಒಂದು ನಿಮಿಷ ಕೊಡುತ್ತಾರೆ ಅಂತ ಏನಿಲ್ಲ. ನನ್ನ ಅಭಿಪ್ರಾಯ ಅಲುಗಾಡಿದ್ದು ಆವತ್ತೇ.

ಅವಳನ್ನು ಓಡಿಸಿದ್ದು ಮಕ್ಕಳಲ್ಲ

ಎರಡನೇ ವಾರದ ಸಾಲುಗಳನ್ನು ಈಗ ಓದಿದರೂ ನನಗೆ ಸಂಕಟ ಆಗುತ್ತದೆ. "ಓಡಿಹೋಗೋಣ ಅನ್ನಿಸಿದ ಹೊತ್ತು" ಅನ್ನುವ ಜಾಗದಲ್ಲಿ ದಿನವೂ ಒಂದೇ ಥರದ ಮಾತು. ಅಪ್ಪ ಬೈದರು. ಅಜ್ಜಿ ನನ್ನನ್ನು ನಂಬಲಿಲ್ಲ. ಅಮ್ಮ ದೊಡ್ಡ ಡಾಕ್ಟರನ್ನು ಕರೀರಿ ಅಂದರು. ಮಕ್ಕಳ ಬಗ್ಗೆ ಒಂದು ದೂರೂ ಇಲ್ಲ.

ಒಂದು ಘಟನೆ ಹೇಳುತ್ತೇನೆ. ಒಂದೂವರೆ ವರ್ಷದ ಮಗುವಿಗೆ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಆಸ್ಪತ್ರೆಗೆ ಬರುವಷ್ಟರಲ್ಲಿ ನಿಂತಿತ್ತು, ಮಗು ಎಚ್ಚರವಾಗಿ ಅಮ್ಮನ ಹೆಗಲ ಮೇಲೆ ಮಲಗಿತ್ತು. ಪರೀಕ್ಷೆ ಎಲ್ಲ ಸರಿ. ಇವಳು ಪುಸ್ತಕದಲ್ಲಿ ಓದಿದ್ದನ್ನು ಸರಿಯಾಗಿಯೇ ಹೇಳಿದಳು. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಹೀಗೆ ಆಗುತ್ತದೆ, ಇಂಥ ಚಿಕ್ಕ ಫಿಟ್ಸ್‌ನಿಂದ ಮೆದುಳಿಗೆ ಪೆಟ್ಟಾಗುವುದಿಲ್ಲ, ಹೆದರಬೇಡಿ. ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೆ ಆ ಅಪ್ಪ ಕೂಗಾಡಿಬಿಟ್ಟರು. "ಹೆದರಬೇಡಿ ಅಂತ ಆರಾಮಾಗಿ ಹೇಳ್ತೀರಾ? ನಿಮಗೆ ಮಕ್ಕಳಿದ್ದಾರಾ?"

ಅವಳು ಬಂದು ನನ್ನ ಕೋಣೆಯಲ್ಲಿ ಸುಮ್ಮನೆ ಕೂತಳು. ನಾನು ಎದ್ದು ಅವಳನ್ನೂ ಕರೆದುಕೊಂಡು ಅವರ ಹತ್ತಿರ ಹೋದೆ. ಕುರ್ಚಿ ಎಳೆದು ಕೂತು, "ನೀವು ಏನು ನೋಡಿದ್ರಿ ಹೇಳಿ" ಅಂತ ಮಾತ್ರ ಕೇಳಿದೆ. ಅವರು ಹೇಳಿದರು. ಕೈಕಾಲು ಸೆಟೆದುಕೊಂಡಿದ್ದು, ಕಣ್ಣು ಮೇಲಕ್ಕೆ ಹೋಗಿದ್ದು, ತುಟಿ ನೀಲಿಯಾಗಿದ್ದು. ಹೇಳುತ್ತಾ ಹೇಳುತ್ತಾ ಅವರ ಧ್ವನಿ ಒಡೆಯಿತು. "ಹೋಗೇಬಿಟ್ಟ ಅಂದ್ಕೊಂಡೆ" ಅಂದರು. ಆ ಮಾತು ಹೊರಗೆ ಬಂದ ಮೇಲೆ ಅವರಿಗೆ ನಮ್ಮ ಮಾತು ಕೇಳಿಸಿತು. ಮತ್ತೆ ಬಂದರೆ ಏನು ಮಾಡಬೇಕು ಅಂತ ಅವರೇ ಕೇಳಿದರು. ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ. ಇಷ್ಟನ್ನು ಇವಳೇ ಹೇಳಿದಳು, ಅವರು ತಲೆಯಾಡಿಸುತ್ತಾ ಕೇಳಿದರು.

ಮಕ್ಕಳ ವಿಭಾಗ ಆಯ್ದುಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಇಲ್ಲಿ ಪ್ರತಿ ರೋಗಿಯ ಜೊತೆ ಹೆದರಿದ ದೊಡ್ಡವರು ಇದ್ದೇ ಇರುತ್ತಾರೆ, ಒಮ್ಮೊಮ್ಮೆ ನಾಲ್ಕು ಜನ. ಅವರ ಸಿಟ್ಟಿನ ಕೆಳಗೆ ಬಹುತೇಕ ಸಲ ಭಯವೇ ಇರುತ್ತದೆ. ಆ ಭಯವನ್ನು ಕೇಳಿಸಿಕೊಳ್ಳುವುದು ಕೆಲಸದ ನಡುವೆ ಬರುವ ಅಡ್ಡಿ ಅಲ್ಲ, ಅದು ಕೆಲಸದ ಅರ್ಧ ಭಾಗ. ಮಕ್ಕಳು ಅಂದರೆ ಪ್ರಾಣ, ಆದರೆ ಪೋಷಕರ ಕಾಟ ಬೇಡ ಅನ್ನುವವರನ್ನು ನೋಡಿದ್ದೇನೆ. ಅವರಿಗೆ ಈ ಕೆಲಸ ದಿನದಿನಕ್ಕೆ ಭಾರವಾಗುತ್ತಾ ಹೋಗುತ್ತದೆ, ಎರಡು ಮೂರು ವರ್ಷದಲ್ಲಿ ಮುಖದ ಮೇಲೇ ಕಾಣುತ್ತದೆ.

ಆ ಬ್ರಾಂಕಿಯೋಲೈಟಿಸ್ ಮಗುವಿನ ಅಮ್ಮನೂ ಹಾಗೇ ಕೇಳಿದ್ದರು. ಬರೀ ಆಮ್ಲಜನಕ ಇಟ್ಟಿದ್ದೀರಿ, ಮೂಗು ಕ್ಲೀನ್ ಮಾಡ್ತೀರಿ, ಔಷಧಿ ಯಾವಾಗ ಕೊಡ್ತೀರಿ? ಈ ಕಾಯಿಲೆ ತರುವುದು ವೈರಸ್, ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮೂರರಿಂದ ಐದನೇ ದಿನದ ಹೊತ್ತಿಗೆ ಜೋರಾಗಿ ಆಮೇಲೆ ತಾನೇ ಇಳಿಯುತ್ತದೆ, ಅಲ್ಲಿಯವರೆಗೆ ಉಸಿರಿಗೂ ಹೊಟ್ಟೆಗೂ ಆಸರೆ ಕೊಡಬೇಕು. ಏನನ್ನೋ ಕೊಡುವುದು ಸುಲಭ. ಯಾಕೆ ಕೊಡುತ್ತಿಲ್ಲ ಅಂತ ದಿನಕ್ಕೆ ಮೂರು ಸಲ, ಬೇಸರ ತೋರಿಸದೆ ಹೇಳುವುದು ಕಷ್ಟ. ಎರಡನೇ ವಾರದ ಕೊನೆಗೆ ಅವಳು ಒಂದು ಮಾತು ಕಂಡುಕೊಂಡಿದ್ದಳು: "ಇವತ್ತು ರಾತ್ರಿ ಹೇಗಿರುತ್ತೆ ಅಂತ ನನಗೂ ಗೊತ್ತಿಲ್ಲ. ಹತ್ತು ಗಂಟೆಗೆ ನಾನೇ ಬಂದು ಮತ್ತೆ ಎಣಿಸ್ತೀನಿ." ಹೇಳಿದ ಹಾಗೆ ಹತ್ತು ಗಂಟೆಗೆ ಹೋಗುತ್ತಿದ್ದಳು. ಆ ಅಮ್ಮ ಮನೆಗೆ ಹೋಗುವಾಗ ದೊಡ್ಡ ಡಾಕ್ಟರನ್ನು ಕೇಳಲಿಲ್ಲ, ಇವಳನ್ನು ಹುಡುಕಿಕೊಂಡು ಬಂದರು.

ಒಂದು ಚುಕ್ಕಿ

ಮೂರನೇ ವಾರ ತಪ್ಪೊಂದು ನಡೆಯಿತು. ಬರೆಯಬೇಡಿ ಅಂತ ಅವಳು ಹೇಳಲಿಲ್ಲ, ಬರೆಯಲೇಬೇಕು ಅಂದಳು.

ಸುಟ್ಟ ಗಾಯದ ಒಂದು ಕೂಸು, 8 ಕೆಜಿ. ಡ್ರೆಸ್ಸಿಂಗ್ ಬದಲಿಸುವ ಮೊದಲು ನೋವಿಗೆ ಮಾರ್ಫಿನ್ ಬೇಕಿತ್ತು, ಕೆಜಿಗೆ 0.1 ಮಿಲಿಗ್ರಾಂ ಲೆಕ್ಕದಲ್ಲಿ. ಅಂದರೆ 0.8 ಮಿಲಿಗ್ರಾಂ. ಲೆಕ್ಕ ಸರಿಯಾಗಿಯೇ ಮಾಡಿದಳು. ಬರೆಯುವಾಗ ಮುಂದಿನ ಸೊನ್ನೆ ಬಿಟ್ಟು, ಬರೀ ಚುಕ್ಕಿ ಇಟ್ಟು 8 ಬರೆದಳು. ಆ ಚುಕ್ಕಿ ಕಾಗದದ ಗೆರೆಯ ಮೇಲೆ ಬಿದ್ದು ಮಾಯವಾಯಿತು. ಓದುವವರಿಗೆ ಅದು 8. ಹತ್ತು ಪಟ್ಟು. ಔಷಧಿ ತುಂಬುತ್ತಿದ್ದ ಸಿಸ್ಟರ್ ನಿಂತು, "ಡಾಕ್ಟರ್, ಈ ಕೂಸಿಗೆ ಎಂಟಾ?" ಅಂತ ಕೇಳಿದರು. ಆ ಒಂದು ಪ್ರಶ್ನೆ ಮಗುವನ್ನು ಉಳಿಸಿತು.

ದೊಡ್ಡವರಿಗೆ ಬಹಳಷ್ಟು ಔಷಧಿಗಳ ಪ್ರಮಾಣ ಒಂದೇ, ಹಾಗಾಗಿ ಹತ್ತು ಪಟ್ಟು ಬರೆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಹತ್ತು ಮಾತ್ರೆ ಒಟ್ಟಿಗೆ ಯಾರೂ ಕೊಡುವುದಿಲ್ಲ ಅಲ್ವಾ. ಮಕ್ಕಳ ವಾರ್ಡಿನಲ್ಲಿ ಒಂದು ಮಂಚದ ಮೇಲೆ ಒಂದು ಕೆಜಿಯ ಕೂಸು ಇರಬಹುದು, ಪಕ್ಕದ ವಾರ್ಡಿನಲ್ಲಿ 70 ಕೆಜಿಯ ಹದಿನೇಳರ ಹುಡುಗ. ಯಾವ ಅಂಕಿಯೂ ತಾನಾಗಿ ವಿಚಿತ್ರವಾಗಿ ಕಾಣುವುದಿಲ್ಲ. ಪ್ರತಿ ಸಲವೂ ತೂಕ, ಪ್ರತಿ ಸಲವೂ ಲೆಕ್ಕ. ನಾಡಿಬಡಿತವೂ ಅಷ್ಟೇ. ಹಸುಗೂಸಿನ ಹೃದಯ ನಿಮಿಷಕ್ಕೆ 140 ಸಲ ಬಡಿದರೆ ಸಹಜ. ಹದಿನೇಳರ ಹುಡುಗ ಸುಮ್ಮನೆ ಮಲಗಿದ್ದಾಗ 140 ಬಂದರೆ ನಾವು ಓಡಬೇಕು. ವಯಸ್ಸು ಗೊತ್ತಿಲ್ಲದೆ ಒಂದು ಅಂಕಿಗೂ ಇಲ್ಲಿ ಅರ್ಥ ಇಲ್ಲ.

ಅವಳು ನೆಪ ಹೇಳಲಿಲ್ಲ. ಮಗುವಿನ ತಂದೆ ತಾಯಿಗೆ ಹೀಗಾಗಿತ್ತು, ಔಷಧಿ ಕೊಡುವ ಮೊದಲೇ ಹಿಡಿದೆವು ಅಂತ ನನ್ನ ಜೊತೆ ಬಂದು ತಾನೇ ಹೇಳಿದಳು. ಮರುದಿನದಿಂದ ಅವಳ ಬರಹ ಬದಲಾಯಿತು: ತೂಕ, ಕೆಜಿಗೆ ಎಷ್ಟು, ಒಟ್ಟು ಎಷ್ಟು, ಮೂರನ್ನೂ ಬರೆದು ಚುಕ್ಕಿಯ ಮುಂದೆ ಸೊನ್ನೆ. ಈಗ ಆ ವಾರ್ಡಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ಮೊದಲೇ ಬರೆಯಬೇಕಿತ್ತು, ಅದನ್ನು ನೋಡಿಕೊಳ್ಳಬೇಕಾದ ಜವಾಬ್ದಾರಿ ನನ್ನದಾಗಿತ್ತು.

ಹದಿನೈದರ ಹುಡುಗಿ, ಎರಡು ತಿಂಗಳ ಕೂಸು

ಮಕ್ಕಳ ಡಾಕ್ಟರ್ ಅಂದರೆ ಪುಟಾಣಿಗಳ ಡಾಕ್ಟರ್ ಅಂತ ಜನ ಅಂದುಕೊಳ್ಳುತ್ತಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 18 ತುಂಬುವವರೆಗೂ ಮಗು ಅನ್ನುತ್ತದೆ. ಹಲವು ಆಸ್ಪತ್ರೆಗಳಲ್ಲಿ ಹದಿಹರೆಯದವರೂ ನಮ್ಮ ವಾರ್ಡಿಗೇ ಬರುತ್ತಾರೆ. ಹಾಗೆ ಬಂದವಳು ಟೈಪ್ 1 ಡಯಾಬಿಟಿಸ್ ಇದ್ದ ಹದಿನೈದರ ಹುಡುಗಿ. ಅದೇ ವರ್ಷ ಮೂರನೇ ಸಲ, ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರಿ ದಾಖಲಾಗಿದ್ದಳು. ಇನ್ಸುಲಿನ್ ತಪ್ಪಿಸುತ್ತಿದ್ದಾಳೆ ಅಂತ ನಮಗೆಲ್ಲ ಅನುಮಾನ, ಅವಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಾವು ನಗಿಸಲು ನೋಡಿದೆವು, ಪುಸಲಾಯಿಸಿದೆವು, ಸ್ವಲ್ಪ ಗದರಿದೆವು ಕೂಡ. ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ನಮ್ಮ ಇಂಟರ್ನ್‌ಗೆ ಪುಸಲಾಯಿಸಲು ಬರುವುದಿಲ್ಲವಲ್ಲ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಇರಿ ಅಂದು, ಹುಡುಗಿಗೆ ನೇರವಾಗಿ ಹೇಳಿದಳು: ನೀನು ಹೇಳಿದ್ದು ನನ್ನಲ್ಲೇ ಇರುತ್ತೆ, ನಿನಗೋ ಬೇರೆಯವರಿಗೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತೆ, ಹಾಗೆ ಮಾಡೋ ಮೊದಲು ನಿನಗೆ ತಿಳಿಸ್ತೀನಿ. ಆಮೇಲೆ ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತು ಕೇಸ್ ಶೀಟ್ ಬರೆದಳು. ಎರಡನೇ ದಿನವೂ ಹಾಗೇ. ಮೂರನೇ ದಿನ ಹುಡುಗಿಯೇ ಮಾತು ತೆಗೆದಳು. ಶಾಲೆಯಲ್ಲಿ ಎಲ್ಲರೂ ನೋಡುತ್ತಾರೆ ಅಂತ ಮಧ್ಯಾಹ್ನದ ಇಂಜೆಕ್ಷನ್ ಬಿಡುತ್ತಿದ್ದಳಂತೆ. ಒಂದು ಕೋಣೆ, ಬಾಗಿಲಿಗೆ ಒಂದು ಚಿಲಕ, ಇಷ್ಟೇ ಬೇಕಾಗಿದ್ದು. ಹುಡುಗಿಯ ಒಪ್ಪಿಗೆ ಪಡೆದು ಶಾಲೆಯವರ ಜೊತೆ ಮಾತಾಡಿದೆವು.

ಇನ್ನೊಂದನ್ನು ಬರೆಯುವುದು ಕಷ್ಟ. ಎರಡು ತಿಂಗಳ ಕೂಸು, ರಾತ್ರಿ ಬಂತು. ಹಾಲು ಕುಡಿಯುತ್ತಿಲ್ಲ, ಮಂಕಾಗಿದೆ, ಕೈಕಾಲು ತಣ್ಣಗೆ. ರಕ್ತಕ್ಕೆ ಸೋಂಕು ಏರಿತ್ತು. ಬಿಪಿ ಸರಿ ಇತ್ತು, ಆದರೆ ಮಕ್ಕಳಲ್ಲಿ ಅದು ಸಮಾಧಾನ ಪಡುವ ಮಾತಲ್ಲ. ಮಕ್ಕಳ ದೇಹ ಹೃದಯವನ್ನು ಜೋರಾಗಿ ಓಡಿಸಿ, ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದು, ಬಿಪಿಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಬಿಪಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಬಂದ ಕೂಡಲೇ ಏನೇನು ಮಾಡಬೇಕೋ ಎಲ್ಲ ಮಾಡಿದೆವು. ಬೆಳಗಿನ ಜಾವ ಕೂಸು ಹೋಯಿತು. ಇವಳು ರಾತ್ರಿಯಿಡೀ ಅಲ್ಲೇ ಇದ್ದಳು. ಬೆಳಗ್ಗೆ ಆ ತಾಯಿ ಬೇರೆ ಯಾರನ್ನೂ ಕೇಳದೆ ಇವಳನ್ನೇ ಕೇಳಿದರು, "ಅವನಿಗೆ ತುಂಬ ನೋವಾಯ್ತಾ?" ಇವಳು ತಡವರಿಸುತ್ತಾ ಹೇಳಿದಳು, "ನೋವು ಕಾಣಿಸದ ಹಾಗೆ ಔಷಧಿ ಕೊಟ್ಟಿದ್ವಿ. ಒಂದು ನಿಮಿಷನೂ ಅವನೊಬ್ಬನನ್ನೇ ಬಿಡಲಿಲ್ಲ. ನಾನು ಕೈ ಹಿಡ್ಕೊಂಡಿದ್ದೆ."

ಪುಸ್ತಕದಲ್ಲಿ ಎರಡು ದಿನ ಖಾಲಿ. ಮೂರನೇ ದಿನ ಹೀಗಿತ್ತು: "ಓಡಿಹೋಗೋಣ ಅನ್ನಿಸಿದ ಹೊತ್ತು: ಇಲ್ಲ. ಆ ರಾತ್ರಿ ಬೇರೆ ಎಲ್ಲೂ ಇರೋಕೆ ಇಷ್ಟ ಇರಲಿಲ್ಲ."

ಇದನ್ನೇ ಪರೀಕ್ಷೆ ಅಂತ ಯಾರೂ ತಿಳಿಯಬೇಡಿ. ಮಗುವಿನ ಸಾವು ನೋಡಿ ತಡೆಯಲಾಗದೆ ಬೇರೆ ವಿಭಾಗಕ್ಕೆ ಹೋದವರು ದುರ್ಬಲರಲ್ಲ. ಅಳುವುದೂ ತಪ್ಪಲ್ಲ, ನಾನು ಈಗಲೂ ಅಳುತ್ತೇನೆ. ನಿದ್ದೆ ಬಾರದೆ, ಅದೇ ದೃಶ್ಯ ಮತ್ತೆ ಮತ್ತೆ ಕಾಡಿದರೆ ಒಬ್ಬರೇ ನುಂಗಿಕೊಳ್ಳಬಾರದು, ಹಿರಿಯರ ಹತ್ತಿರ, ಮನೋವೈದ್ಯರ ಹತ್ತಿರ ಮಾತಾಡಬೇಕು. ನಾವು ಆ ವಾರ ಎಲ್ಲರೂ ಒಟ್ಟಿಗೆ ಕೂತು ಆ ಕೂಸಿನ ಬಗ್ಗೆ ಮಾತಾಡಿದೆವು, ಸಿಸ್ಟರ್‌ಗಳೂ ಇದ್ದರು.

ಪುಸ್ತಕ ಓದಿದ ದಿನ

ಕೊನೆಯ ದಿನ ಇಬ್ಬರೂ ಕೂತು ಓದಿದೆವು. ಅವಳೇ ಮೊದಲು ಗಮನಿಸಿದಳು. ನಾಲ್ಕು ವಾರದ ಪುಸ್ತಕದಲ್ಲಿ ಮಗುವನ್ನು ಆಡಿಸಿದ ಸುದ್ದಿ ಒಂದೂ ಇಲ್ಲ. ಎಣಿಸಿದ್ದು, ಕಾದದ್ದು, ಪಕ್ಕದಲ್ಲಿ ಕೂತದ್ದು, ಮತ್ತೆ ಹೋಗಿ ನೋಡಿದ್ದು, ಇವೇ ಎಲ್ಲ ಪುಟದಲ್ಲೂ. ಓಡಿಹೋಗಬೇಕು ಅನ್ನಿಸಿದ್ದು ಪೋಷಕರ ಸಿಟ್ಟಿಗೆ. ಅದೂ ಮೂರನೇ ವಾರದ ನಂತರ ಕಡಿಮೆಯಾಗಿತ್ತು, ಯಾಕಂದರೆ ಆ ಸಿಟ್ಟಿನ ಹತ್ತಿರ ಹೇಗೆ ಕೂರಬೇಕು ಅಂತ ಅವಳಿಗೆ ಗೊತ್ತಾಗತೊಡಗಿತ್ತು.

ಮೊದಲ ದಿನ ನಾನು ಹೇಳಿದ್ದು ತಪ್ಪು ಅಂತ ಆವತ್ತು ಅವಳಿಗೆ ನೇರವಾಗಿ ಹೇಳಿದೆ. ಮಗುವಿಗೆ ಹೇಳಿಕೊಳ್ಳಲು ಬರುವುದಿಲ್ಲ. ಹೇಳದೇ ಇರುವುದನ್ನು ನೋಡಿ ತಿಳಿಯುವ ಹಟ ಇರಬೇಕು, ಅದು ಅವಳಲ್ಲಿತ್ತು. ನಗಿಸುವ ಕಲೆ ಇದ್ದರೆ ಒಳ್ಳೆಯದೇ, ಅದು ಇದ್ದವರನ್ನು ಕಂಡರೆ ನನಗೆ ಖುಷಿ. ಆದರೆ ಅದನ್ನು ಅರ್ಹತೆ ಅಂತ ಕೇಳಿ ಇವಳಂಥವರನ್ನು ಎಷ್ಟು ಜನ ವಾಪಸ್ ಕಳಿಸಿದ್ದೇವೋ ಅಂತ ನೆನೆದರೆ ಬೇಜಾರಾಗುತ್ತದೆ.

ಹಾಗಂತ ಇದನ್ನೇ ತಗೋ ಅಂತ ನಾನು ಹೇಳಲಿಲ್ಲ. ಮನೆಯವರ ಮಾತೂ ಇನ್ನೂ ಹಾಗೇ ಇತ್ತು. ರೇಡಿಯಾಲಜಿಗೆ ಹೋದರೂ ಮಕ್ಕಳ ರೇಡಿಯಾಲಜಿ ಅಂತಲೇ ಒಂದು ದಾರಿ ಇದೆ. ಮಕ್ಕಳಿಗೆ ಒಳ್ಳೆಯದು ಮಾಡಲು ಮಕ್ಕಳ ಡಾಕ್ಟರೇ ಆಗಬೇಕು ಅಂತಿಲ್ಲ. ಹುಟ್ಟಿದ ಕೂಸಿಗೆ ಒಂದನೇ ಮತ್ತು ಐದನೇ ನಿಮಿಷಕ್ಕೆ ಅದರ ಸ್ಥಿತಿ ನೋಡಿ ಕೊಡುವ ಅಪ್ಗಾರ್ ಅಂಕ ಇವತ್ತಿಗೂ ಜಗತ್ತಿನ ಬಹುತೇಕ ಹೆರಿಗೆ ಕೋಣೆಗಳಲ್ಲಿ ಬಳಕೆಯಲ್ಲಿದೆ. ಅದನ್ನು 1952ರಲ್ಲಿ ರೂಪಿಸಿದ ವರ್ಜೀನಿಯಾ ಅಪ್ಗಾರ್ ಅರಿವಳಿಕೆ ತಜ್ಞೆ. ಅವಧಿಗೆ ಮೊದಲೇ ಹುಟ್ಟುವ ಕೂಸಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಸ್ಟೀರಾಯ್ಡ್ ಕೊಡಬಹುದು ಅಂತ 1972ರಲ್ಲಿ ತೋರಿಸಿದ ಇಬ್ಬರಲ್ಲಿ ಗ್ರಹಾಂ ಲಿಗ್ಗಿನ್ಸ್ ಹೆರಿಗೆ ತಜ್ಞರು. ಇನ್ನೊಬ್ಬರು, ರಾಸ್ ಹೋವಿ, ಮಕ್ಕಳ ತಜ್ಞರು. ಇವರ ಕಥೆ ಹೇಳಿದೆ. ಅವಳು ಕೇಳಿಸಿಕೊಂಡು, "ಸ್ಕ್ಯಾನ್ ನೋಡಿ ರಿಪೋರ್ಟ್ ಕೊಟ್ಟ ಮೇಲೆ ಆ ಮಗು ರಾತ್ರಿ ಹತ್ತು ಗಂಟೆಗೆ ಹೇಗಿದೆ ಅಂತ ನನಗೆ ಗೊತ್ತಾಗಲ್ಲ ಅಲ್ವಾ ಮೇಡಂ" ಅಂದಳು. ಅದು ಅವಳ ಉತ್ತರ ಅಂತ ನನಗೆ ಆಗಲೇ ತಿಳಿಯಿತು. ಅವಳಿಗೆ ತಿಳಿಯಲು ಇನ್ನೂ ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ದೊಡ್ಡ ಮಾತುಕತೆಯೇ ನಡೆಯಿತಂತೆ. ಹಣದ ವಿಚಾರ ಮುಚ್ಚಿಡದೆ, ಎಷ್ಟು ವರ್ಷ ಯಾವ ಖರ್ಚು ಹೇಗೆ ಅಂತ ಕಾಗದದ ಮೇಲೆ ಬರೆದು ತೋರಿಸಿದಳಂತೆ. ಆಮೇಲೆ ಅರ್ಜಿ ಹಾಕಿದಳು.

ಈಗ

ಈಗ ಅವಳು ತರಬೇತಿಯ ಮೂರನೇ ವರ್ಷದಲ್ಲಿದ್ದಾಳೆ. ನಡುವೆ ಒಂದು ಸಲ, ಎರಡನೇ ವರ್ಷದಲ್ಲಿ, ಸುಸ್ತಾಗಿ ಬಿಟ್ಟುಬಿಡೋಣ ಅಂದಿದ್ದಳು. ಹತ್ತು ದಿನ ರಜೆ ಹಾಕಿ ಮಲಗಿ ಎದ್ದು ಬಂದಳು. ಈಗಲೂ ಅವಳಿಗೆ ಲಾಲಿ ಬರುವುದಿಲ್ಲ. ಈಗಲೂ ಕೆಲವು ಮಕ್ಕಳು ಅವಳು ಎತ್ತಿಕೊಂಡರೆ ಅಳುತ್ತವೆ, ಆಗ ಸದ್ದಿಲ್ಲದೆ ಅಮ್ಮನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತಾಳೆ.

ಇನ್ನು ಆರು ತಿಂಗಳಲ್ಲಿ ಮುಂದಿನದನ್ನು ಆರಿಸಬೇಕು. ನವಜಾತ ಶಿಶುಗಳ ವಿಭಾಗವೋ, ಅಥವಾ ಆ ಹದಿನೈದರ ಹುಡುಗಿಯಂಥವರನ್ನು ವರ್ಷಗಟ್ಟಲೆ ಜೊತೆಗಿದ್ದು ನೋಡುವ ಡಯಾಬಿಟಿಸ್ ಕ್ಲಿನಿಕ್ಕೋ. ಎರಡೂ ಎಳೆಯುತ್ತಿವೆಯಂತೆ. ನನ್ನ ಮನಸ್ಸಿನಲ್ಲಿ ಒಂದು ಊಹೆ ಇದೆ, ಹೇಳಿಲ್ಲ. ಮೊದಲ ಸಲದ ನನ್ನ ಊಹೆ ಏನಾಯಿತು ಅಂತ ನೆನಪಿದೆ. ಅವಳು ಹೊಸ ಪುಸ್ತಕ ತಂದು ದಿನಕ್ಕೆ ಎರಡು ಸಾಲು ಬರೆಯಲು ಶುರು ಮಾಡಿದ್ದಾಳೆ ಅಂತ ಹೋದ ವಾರ ಗೊತ್ತಾಯಿತು. ಈ ಸಲ ತೋರಿಸು ಅಂತ ನಾನು ಕೇಳಿಲ್ಲ.